ಜಗಲಿಯ ಮೇಲೆ ಓದುವ ಕಾಗದ

ಕಂಪಾಲ, ಉಗಾಂಡ
5-11-1995

ಭಾಗ್ಯಳಿಗೆ ಮಲ್ಲಿಕಾರ್ಜುನಸ್ವಾಮಿ ಬರೆಯುವುದು.

ನಾನು ಗಟ್ಟಿಮುಟ್ಟಾಗಿದ್ದೇನೆ. ನೀವೆಲ್ಲ ಹಾಗೇ ಇದ್ದೀರೆಂದು ತಿಳಿದಿದ್ದೇನೆ. ಈ ಕಾಗದ ಓದುವಾಗ ಉಡಿಗಾಲದ ನಮ್ಮ ಜಗಲಿಯ ಮೇಲೆ ಅಪ್ಪ ಕಂಬಕ್ಕೆ ಒರಗಿರುತ್ತಾರೆ, ಅವ್ವ ಕಾಲು ಚಾಚಿ ಕೂತಿರುತ್ತಾಳೆ, ನೀನು ನಿಂತುಕೊಂಡು ಜೋರಾಗಿ ಓದುತ್ತಿರುತ್ತೀಯ. ಅದಕ್ಕೆ ಮೊದಲು ಅವರಿಬ್ಬರಿಗೆ ನಮಸ್ಕಾರ. ಪಕ್ಕದ ಮನೆ ಚಂದ್ರಮತಿ ಚಿಕ್ಕಮ್ಮನಿಗೂ ನಮಸ್ಕಾರ. ಕಾಗದ ಬಂತೆಂದರೆ ಅವರು ಒಲೆ ಮೇಲಿನ ಸಾರನ್ನೂ ಬಿಟ್ಟು ಬಂದಿರುತ್ತಾರೆ.

ಹೋದ ಸಲ ನೀನು ಗುಂಡ್ಲುಪೇಟೆಗೆ ನಿನ್ನ ತಾಯಿಯ ಮನೆಗೆ ಹೋಗಿದ್ದಾಗ ನನ್ನ ಕಾಗದ ಒಂದು ವಾರ ಒಡೆಯದೆ ಗೋಡೆಯ ಮಾಡಿನಲ್ಲೇ ಇತ್ತಂತೆ. ಪೋಸ್ಟ್‌ಮ್ಯಾನ್ ಮಾದಣ್ಣ ಓದಿಕೊಡುತ್ತೇನೆ ಅಂದರೂ ಅವ್ವ ಕೊಡಲಿಲ್ಲವಂತೆ. ಮನೆಯ ಕಾಗದವನ್ನು ಮನೆಯವರೇ ಓದಬೇಕು ಅನ್ನುವ ಅವಳ ಹಟ ನನಗೆ ಗೊತ್ತು. ಓದು ಬಾರದ ಮನೆಗೆ ನರ್ಸ್ ಟ್ರೈನಿಂಗ್ ಮುಗಿಸಿದ ಸೊಸೆಯನ್ನು ತಂದಿದ್ದಕ್ಕೆ ಅವಳಿಗೆ ಈ ಒಂದು ಗರ್ವವಾದರೂ ಇರಲಿ.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರಿಗೆ ರೇಷ್ಮೆ ಹುಳು ಸಾಕುವುದನ್ನು ಕಲಿಸು ಅಂತ ಚಾಮರಾಜನಗರದ ಫಾರಂನಿಂದ ನನ್ನನ್ನು ಕಳಿಸಿದ್ದು ಎರಡು ವರ್ಷಕ್ಕೆ. ಬರುವ ಜನವರಿಗೆ ಅದು ಮುಗಿಯುತ್ತದೆ. ಮ್ಯಾನೇಜರು ನೆನ್ನೆ ಕರೆದು, ಇನ್ನೆರಡು ವರ್ಷ ಇರುತ್ತೀಯಾ ಎಂದು ಕೇಳಿದರು. ಜನವರಿ ಎರಡನೇ ತಾರೀಖು ಕರಾರು ಪತ್ರ ತರುತ್ತಾರೆ. ಒಪ್ಪಿದರೆ ಸಹಿ, ಇಲ್ಲದಿದ್ದರೆ ಆ ತಿಂಗಳ ಕೊನೆಗೆ ವಿಮಾನ. ಅಪ್ಪ ಅವ್ವ ಏನಂತಾರೆ ಕೇಳಿ ಬರಿ. ನಿನ್ನ ಮನಸ್ಸಿನಲ್ಲಿ ಏನಿದೆಯೋ ಅದನ್ನೂ ಬರಿ. ನನಗೆ ಅದು ಬೇಕು.

ಇಲ್ಲಿ ಕ್ರಿಸ್‌ಮಸ್ಸಿಗೆ ಮೂರು ವಾರ ರಜ. ಡಿಸೆಂಬರ್ ಹದಿನಾರಕ್ಕೆ ಫಾರಂ ಮುಚ್ಚಿದರೆ ಜನವರಿ ಎಂಟಕ್ಕೇ ತೆಗೆಯುವುದು. ಬಿಸಿಲಿನ ದೇಶದಲ್ಲಿ ಕ್ರಿಸ್‌ಮಸ್ ಕಳೆಯಬೇಕು ಅಂತ ಬಿಳಿಯರು ವಿಮಾನ ಹತ್ತಿ ಬರುತ್ತಾರೆ, ನನಗೆ ಆ ಭಾಗ್ಯ ಬಿಟ್ಟಿ ಸಿಕ್ಕಿದೆ. ತುರ್ತು ಇದ್ದರೆ ಫಾರಂ ಫೋನ್ ನಂಬರನ್ನು ಹಿಂದೆ ಬರೆದಿದ್ದೇನೆ. ಬೇರೆ ದೇಶದ ಫೋನು, ನಿಮಿಷಕ್ಕೆ ಜೀವ ಹೋಗುತ್ತದೆ, ಹಾಗಾಗಿ ತುರ್ತಿದ್ದರೆ ಮಾತ್ರ.

ಕುಮಾರಿಗೆ ಮುತ್ತು. ಸ್ಟಾಂಪಿನ ಮೇಲಿರುವ ಕೊಕ್ಕರೆಗೆ ಜುಟ್ಟಿದೆ ಅಂತ ಅವಳಿಗೆ ತೋರಿಸು.

ನಿನ್ನ,
ಮಲ್ಲು


ಉಡಿಗಾಲ
24-11-1995

ಪೂಜ್ಯರಿಗೆ ಭಾಗ್ಯ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಮೊನ್ನೆ ಬಂತು. ಎಲ್ಲರ ಎದುರಿಗೂ ಓದಿದೆ. ಮಾವ ಎರಡು ಸಲ ಓದಿಸಿದರು. ಈಗ ಎಲ್ಲರೂ ಜಗಲಿಯಲ್ಲೇ ಕೂತಿದ್ದಾರೆ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

ಅತ್ತೆ ಹೇಳುವುದು: "ಇನ್ನೆಲ್ಡು ವರ್ಸ ಇದ್ಬುಟ್ಟೇ ಬರ್ಲಿ ಕಣ್ ಬರಿ. ನಮ್ಗೇನಾಗದೆ ಇಲ್ಲಿ? ಗುಂಡ್ಕಲ್ಲಂಗಿದ್ದೀವಿ. ನನ್ ಮುಕ ನೋಡಿ, ನಮ್ಮ ದೊಡ್ಡಮಾದಮ್ಮನ ಮಗ ಇಮಾನದಲ್ ಓಗೋನೆ ಅಂತ ಊರೆಲ್ಲ ಅಂತದೆ, ಅದ ಅರ್ದಕ್ಕೆ ಬುಟ್ಟು ಬಂದಾನಾ?"

ಮಾವ ಹೇಳುವುದು: "ಒಪ್ಕಂಡ ಕೆಲ್ಸವ ಅವ್ರೇ ಇನ್ನೂ ಮಾಡು ಅಂದ್ರೆ ಬ್ಯಾಡ ಅನ್ಬಾರ್ದು. ನನ್ ಮೊಣಕಾಲು ಈಗ ಬೇಸಾಗದೆ ಅನ್ನವ್ವ."

ಚಂದ್ರಮತಿ ಚಿಕ್ಕಮ್ಮ ಹೇಳುವುದು, ಬರುವಾಗ ಅಲ್ಲಿಂದ ಒಂದು ಟಾರ್ಚು ತರಬೇಕಂತೆ.

ನಾನು ಹೇಳುವುದೂ ಅದೇ, ಟಾರ್ಚಲ್ಲ, ಅತ್ತೆ ಹೇಳಿದ್ದು. ಇದ್ದು ಬನ್ನಿ. ನಾವೆಲ್ಲ ಚೆನ್ನಾಗಿದ್ದೇವೆ. ಕುಮಾರಿ ಅಂಗನವಾಡಿಗೆ ಹೋಗುತ್ತಾಳೆ. ಮೂರೂವರೆ ವರ್ಷಕ್ಕೇ ಬಾಯಿ ಜೋರು. ಕೊಕ್ಕರೆ ನೋಡಿ, ಅಪ್ಪ ಇದರ ಮೇಲೆ ಕೂತು ಹೋದರಾ ಎಂದು ಕೇಳಿದಳು. ಹೌದು ಅಂದಿದ್ದೇವೆ.

"ಬರ್ದಾ, ನಾವು ಸೆಂದಾಗಿದ್ದೀವಿ ಅಂತ ಬರ್ದಾ?" ಅಂತ ಅತ್ತೆ ಮತ್ತೆ ಕೇಳುತ್ತಿದ್ದಾರೆ. ಬರೆದಿದ್ದೇನೆ.

ಇಂತಿ,
ಭಾಗ್ಯ


ಗುಂಡ್ಲುಪೇಟೆ
1-12-1995

ಮಲ್ಲು ಅವರೇ,

ಅಮ್ಮನಿಗೆ ಮೈ ಸರಿಯಿಲ್ಲ ಅಂತ ಹೇಳಿ ಗುಂಡ್ಲುಪೇಟೆಗೆ ಬಂದಿದ್ದೇನೆ. ಅಮ್ಮ ಪುಟ್ಟಸಿದ್ದಮ್ಮನವರು ಕಲ್ಲಿನ ಹಾಗಿದ್ದಾರೆ, ಹಿತ್ತಲಲ್ಲಿ ಹುರುಳಿ ಬಡಿಯುತ್ತಿದ್ದಾರೆ. ಸುಳ್ಳು ಹೇಳಿದ್ದೇಕೆಂದರೆ ಈ ಕಾಗದವನ್ನು ಯಾರೂ ಪಕ್ಕದಲ್ಲಿ ಕೂರದೆ ಬರೆಯಬೇಕಿತ್ತು.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಿಮ್ಮ ಕಾಗದಗಳನ್ನು ನಾನು ಪೂರ್ತಿ ಓದುವುದಿಲ್ಲ. "ನಿನ್ನ ಮನಸ್ಸಿನಲ್ಲಿ ಏನಿದೆಯೋ ಅದನ್ನೂ ಬರಿ, ನನಗೆ ಅದು ಬೇಕು" ಎಂಬ ಸಾಲು ಬಂದಾಗ ಹಾರಿಸಿ ಮುಂದಕ್ಕೆ ಹೋದೆ. ಎರಡು ವರ್ಷದಿಂದ ನಿಮ್ಮ ಕಾಗದದಲ್ಲಿ ನನಗೆಂದು ಇರುವ ಸಾಲನ್ನೆಲ್ಲ ಹೀಗೇ ಹಾರಿಸುತ್ತಿದ್ದೇನೆ. ಆಮೇಲೆ ಹಿತ್ತಲಿಗೆ ಹೋಗಿ ಅದೊಂದನ್ನೇ ಓದಿಕೊಳ್ಳುತ್ತೇನೆ. ಮಾವನ ಮುಂದೆ, ಚಂದ್ರಮತಿ ಚಿಕ್ಕಮ್ಮನ ಮುಂದೆ ಅದನ್ನು ಬಾಯಿಬಿಟ್ಟು ಓದಲು ನನಗೆ ನಾಚಿಕೆ. ಮೊನ್ನೆ "ಇದ್ದು ಬನ್ನಿ" ಅಂತ ಬರೆದಿದ್ದೂ ಹಾಗೇ. ಕೇಳಿದವರ ಎದುರಿಗೆ ಕೇಳಿದ್ದನ್ನು ಬರೆದೆ.

ನನ್ನ ಮನಸ್ಸಿನಲ್ಲಿರುವುದು ಇದು. ಬನ್ನಿ. ಸಹಿ ಹಾಕಬೇಡಿ.

ನನಗೆ ನಿಮ್ಮನ್ನು ಬಿಟ್ಟಿರುವುದು ಸಾಕಾಗಿದೆ. ಸಂಜೆ ಹೊತ್ತು ಎಲ್ಲರ ಗಂಡಂದಿರೂ ಚಾಮರಾಜನಗರದ ಬಸ್ಸಿನಿಂದ ಇಳಿದು ಬರುವಾಗ ನಾನು ಬೇಕೆಂದೇ ಒಳಗೆ ಹೋಗಿ ಕೂರುತ್ತೇನೆ.

ಇನ್ನೊಂದು ವಿಷಯ ಮನೆಯಲ್ಲಿ ಯಾರಿಗೂ ಹೇಳಿಲ್ಲ. ನನಗೆ ಸರ್ಕಾರದ ಆರ್ಡರು ಬಂದಿದೆ. ಗುಂಡ್ಲುಪೇಟೆಯಿಂದಾಚೆಯ ಮದ್ದೂರಿನ ಆರೋಗ್ಯ ಉಪಕೇಂದ್ರದಲ್ಲಿ ನರ್ಸಮ್ಮನ ಕೆಲಸ. ಜನವರಿ ಹತ್ತರೊಳಗೆ ಹೋಗಿ ಸೇರದಿದ್ದರೆ ಬೇರೆಯವರಿಗೆ ಹೋಗುತ್ತದೆ. ನೆನ್ನೆ ಹೋಗಿ ನೋಡಿ ಬಂದೆ. ಕೇರಳಕ್ಕೆ ಹೋಗುವ ರಸ್ತೆ, ಸುತ್ತ ಕಾಡು, ಉಪಕೇಂದ್ರದ ಹಿಂದೆಯೇ ಎರಡು ಕೋಣೆಯ ಕ್ವಾರ್ಟರ್ಸು. ಆನೆ ಬರದ ಹಾಗೆ ಸುತ್ತ ಕಂದಕ ಹೊಡೆದಿದ್ದಾರೆ. ಸೌದೆ ಒಲೆ ಚೆನ್ನಾಗಿದೆ. ಒಂದು ಕೋಣೆಯಲ್ಲಿ ನಿಂತು, ಇಲ್ಲಿ ನಿಮ್ಮ ಮಂಚ ಹಿಡಿಸುತ್ತದೆಯೇ ಅಂತ ಹೆಜ್ಜೆಯಲ್ಲಿ ಅಳೆದೆ, ಹಿಡಿಸುತ್ತದೆ. ನೀವು ಬಂದು ಮತ್ತೆ ಚಾಮರಾಜನಗರದ ಫಾರಂಗೆ ಸೇರಿದರೆ ಬಸ್ಸಿನಲ್ಲಿ ಓಡಾಡಬಹುದು, ಕಷ್ಟವಾದರೂ ದಿನಾ ಮನೆಗೆ ಬರುತ್ತೀರಿ.

ನೀವು ಬರುತ್ತೀರೆಂದರೆ ಅತ್ತೆ ಮಾವನಿಗೆ ಧೈರ್ಯವಾಗಿ ಹೇಳುತ್ತೇನೆ, ಬೇಡವೆನ್ನುವುದಿಲ್ಲ. ನೀವು ಬರದಿದ್ದರೂ ನಾನು ಹೋಗುತ್ತೇನೆ. ಆದರೆ ಆಗ ಮಗುವನ್ನು ಕಟ್ಟಿಕೊಂಡು ಒಬ್ಬಳೇ ಕಾಡಿನ ಪಕ್ಕ ಇರಬೇಕು, ಅತ್ತೆಯ ಜೊತೆ ಮನಸ್ತಾಪ ಮಾಡಿಕೊಂಡು ಹೋಗಬೇಕು. ಅದು ನನಗೆ ಬೇಡ.

ಉತ್ತರವನ್ನು ಗುಂಡ್ಲುಪೇಟೆಗೆ ಅಮ್ಮನ ವಿಳಾಸಕ್ಕೆ ಬರೆಯಿರಿ. ಕಾಗದ ತಡವಾಗುವುದಾದರೆ ತಂತಿ ಕೊಡಿ. "ಬರುತ್ತೇನೆ" ಅನ್ನುವ ಒಂದು ಮಾತು ಸಾಕು.

ಭಾಗ್ಯ


ಕಂಪಾಲ
17-12-1995, ಭಾನುವಾರ

ಭಾಗ್ಯಳಿಗೆ,

ಅಪ್ಪ ಅವ್ವನಿಗೆ ನಮಸ್ಕಾರ. ಚಂದ್ರಮತಿ ಚಿಕ್ಕಮ್ಮ, ಟಾರ್ಚು ಜ್ಞಾಪಕ ಇಟ್ಟುಕೊಂಡಿದ್ದೇನೆ.

ನಿನ್ನ ಇಪ್ಪತ್ತನಾಲ್ಕರ ಕಾಗದ ಹೋದ ಮಂಗಳವಾರ ಬಂತು. ಎಲ್ಲರೂ ಒಂದೇ ಮಾತು ಹೇಳಿದ್ದೀರಿ, ನನಗೆ ತಲೆನೋವು ತಪ್ಪಿತು. ನೀನೂ ಅದನ್ನೇ ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಯಾವುದನ್ನು ಕೇಳಬೇಕೋ ತಿಳಿಯುತ್ತಿರಲಿಲ್ಲ. ಎರಡನೇ ತಾರೀಖು ಸಹಿ ಹಾಕುತ್ತೇನೆ.

ನೆನ್ನೆ ಫಾರಂ ಮುಚ್ಚಿತು. ಇಲ್ಲಿ ಕ್ರಿಸ್‌ಮಸ್ ಎಂದರೆ ನಮ್ಮ ಕಡೆ ಯುಗಾದಿಗೆ ಊರಿಗೆ ಹೋದ ಹಾಗೆ. ಕೋಳಿ ಕಾಲು ಕಟ್ಟಿ ಬಸ್ಸಿನ ಮೇಲೆ ಹಾಕಿಕೊಂಡು ಎಲ್ಲರೂ ಹಳ್ಳಿಗೆ ಹೋದರು. ನಮ್ಮ ಗುಮಾಸ್ತ ಮುಗೀಷಾ ಕೊನೆಗೆ ಹೋದವನು. ಆಫೀಸಿನದು, ಅಂಚೆಪೆಟ್ಟಿಗೆಯದು ಎರಡೂ ಬೀಗದ ಕೈ ಒಂದೇ ಗೊಂಚಲಿನಲ್ಲಿದೆ, ಅದನ್ನು ಸೊಂಟಕ್ಕೆ ಕಟ್ಟಿಕೊಂಡೇ ಬಸ್ಸು ಹತ್ತಿದ. ಈ ದೇಶದಲ್ಲಿ ಮಾದಣ್ಣನ ಹಾಗೆ ಮನೆಗೆ ಕಾಗದ ತರುವವರಿಲ್ಲ. ಪೋಸ್ಟ್ ಆಫೀಸಿನ ಗೋಡೆಯಲ್ಲಿ ಫಾರಂಗೆ ಒಂದು ಕಬ್ಬಿಣದ ಪೆಟ್ಟಿಗೆ, ನಾವೇ ಹೋಗಿ ಬೀಗ ತೆಗೆದು ತೆಗೆದುಕೊಳ್ಳಬೇಕು. ಬೀಗದ ಕೈ ಇಟ್ಟು ಹೋಗು ಅನ್ನಬಹುದಿತ್ತು. ನಿನ್ನ ಉತ್ತರ ಬಂದಾಗಿದೆ, ಇನ್ನು ಯಾರ ಕಾಗದ ಬರುತ್ತದೆ ಅಂದುಕೊಂಡು ಸುಮ್ಮನಾದೆ.

ನಾನು ಒಬ್ಬನೇ ಅಂತ ಅವ್ವ ಅಂದುಕೊಳ್ಳುವುದು ಬೇಡ. ಹುಳು ಇವೆ. ಹತ್ತು ದಿನದ ಹುಳು, ಪೊರೆ ಬಿಟ್ಟು ಎರಡನೇ ಜ್ವರದಿಂದ ಎದ್ದಿವೆ. ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕಬೇಕು, ಅವಕ್ಕೆ ಕ್ರಿಸ್‌ಮಸ್ ಗೊತ್ತಿಲ್ಲ. ಬಿಸಿಲು ನಮ್ಮ ಕಡೆಯ ಹಾಗೇ ಹಿತವಾಗಿದೆ. ಇಲ್ಲೂ ರಾಗಿ ಸಿಗುತ್ತದೆ, ಮುದ್ದೆ ಮಾಡಿಕೊಳ್ಳುತ್ತೇನೆ. ಒಬ್ಬನಿಗೆ ಮಾಡಿದರೆ ಗಂಟಾಗುತ್ತದೆ, ಅಷ್ಟೇ ತೊಂದರೆ.

ಮಲ್ಲು


ಗುಂಡ್ಲುಪೇಟೆ
26-12-1995

ಮಲ್ಲು ಅವರೇ,

ನನ್ನ ಒಂದನೇ ತಾರೀಖಿನ ಕಾಗದಕ್ಕೆ ಉತ್ತರ ಇನ್ನೂ ಇಲ್ಲ. ಕಾಗದ ತಲುಪಲು ಹದಿನೆಂಟು ದಿನ, ತಂತಿಗೆ ಎರಡು ದಿನ. ನಾನೂ ಲೆಕ್ಕ ಹಾಕಿ ಇಪ್ಪತ್ತೊಂದರಿಂದ ಕಾಯುತ್ತಿದ್ದೇನೆ. ಅಮ್ಮನಿಗೆ ಮತ್ತೆ ಮೈ ಸರಿಯಿಲ್ಲ ಅಂತ ಹೇಳಿ ಬಂದೆ. ಈ ಸಲ ಅತ್ತೆ ನನ್ನ ಮುಖವನ್ನೇ ನೋಡಿದರು.

ನೆನ್ನೆ ಬಸ್‌ಸ್ಟ್ಯಾಂಡ್ ಎದುರಿನ ಫೋನ್ ಬೂತಿಗೆ ಹೋದೆ. ಕ್ರಿಸ್‌ಮಸ್ ರಜ, ನಿಮಗೆ ಕೆಲಸವಿರುವುದಿಲ್ಲ, ಫಾರಂನಲ್ಲೇ ಇರುತ್ತೀರಿ, ಫೋನು ನೀವೇ ಎತ್ತುತ್ತೀರಿ ಅಂತ ಬೇಕೆಂದೇ ಆ ದಿನ ಆರಿಸಿಕೊಂಡೆ. ಬೂತಿನ ಶಿವಮಲ್ಲಪ್ಪನವರು ನಂಬರು ಒತ್ತಿದರು. ಇಲ್ಲಿ ಹನ್ನೊಂದು ಗಂಟೆ, ಅಲ್ಲಿ ಬೆಳಿಗ್ಗೆ ಎಂಟೂವರೆ ಅಂತ ಅವರೇ ಹೇಳಿದರು. ರಿಂಗಾಗುವುದು ನನಗೆ ಕೇಳಿಸಿತು. ಎರಡು ವರ್ಷದಲ್ಲಿ ನೀವಿರುವ ಜಾಗದ ಸದ್ದು ಕೇಳಿದ್ದು ಅದೇ ಮೊದಲು. ಏನು ಹೇಳಬೇಕೆಂದು ಬಸ್ಸಿನಲ್ಲಿ ಬರುವಾಗ ಬಾಯಿಪಾಠ ಮಾಡಿಕೊಂಡಿದ್ದೆ, ರಿಂಗು ಕೇಳಿದ್ದೇ ಎಲ್ಲ ಮರೆತು ಹೋಯಿತು.

ಮೂರು ಸಲ ಮಾಡಿಸಿದೆ. "ಲೈನೇನೋ ಓಯ್ತಾ ಅದೆ ಕಣಕ್ಕ, ಎತ್ತೋರಿಲ್ಲ. ಅಬ್ಬ ಅಲ್ವಾ, ಎಲ್ಲಾರ ಊಟುಕ್ಕೆ ಓಗಿರ್ತರೆ ಬುಡು," ಅಂದರು ಶಿವಮಲ್ಲಪ್ಪನವರು. ನನಗಿಂತ ಅವರಿಗೇ ಹೆಚ್ಚು ಬೇಜಾರಾದ ಹಾಗೆ ಕಂಡಿತು. ಕುಮಾರಿ ಬೂತಿನ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದಳು. ಅಪ್ಪ ಮಾತಾಡಿದರಾ ಎಂದು ಕೇಳಿದಳು. ಅವಳಿಗೂ ಸುಳ್ಳು ಹೇಳಿದೆ.

ಯಾರದೋ ಮನೆಯಲ್ಲಿ ಊಟ ಮಾಡುತ್ತಿದ್ದಿರಿ ಅಂದುಕೊಳ್ಳುತ್ತೇನೆ. ನಿಮ್ಮ ಹಬ್ಬ ಚೆನ್ನಾಗಿ ಆಗಲಿ. ಆದರೆ ಇಪ್ಪತ್ತಾರು ದಿನವಾದರೂ ಉತ್ತರ ಕೊಡದಿರುವುದೂ ಒಂದು ಉತ್ತರವೇ ಅಲ್ಲವೇ? ಬರಲು ಇಷ್ಟವಿಲ್ಲ, ಹೇಗೆ ಹೇಳುವುದು ಅಂತ ನೀವು ಒದ್ದಾಡುತ್ತಿದ್ದರೆ, ಒದ್ದಾಡಬೇಡಿ. ಹತ್ತನೇ ತಾರೀಖು ನಾನು ಮದ್ದೂರಿಗೆ ಹೋಗುತ್ತೇನೆ.

ಭಾಗ್ಯ


ಕಂಪಾಲ
27-12-1995

ಭಾಗ್ಯಳಿಗೆ,

ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ಮುಗಿಯಿತು.

ನೀನು ನಗಬೇಡ, ಹುಳುಗಳು ನನಗೆ ಕೈಕೊಟ್ಟವು. ಇಪ್ಪತ್ತನಾಲ್ಕರ ಸಂಜೆಗೇ ಅಷ್ಟೂ ತಟ್ಟೆಯ ಹುಳು ನಾಲ್ಕನೇ ಜ್ವರಕ್ಕೆ ಕೂತವು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ, ತಲೆಯೆತ್ತಿಕೊಂಡು ಅಲ್ಲಾಡದೆ ಇರುತ್ತವೆ. ಹಾಗಾಗಿ ಕ್ರಿಸ್‌ಮಸ್ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ನನಗೆ ಮಾಡಲು ಏನೂ ಇರಲಿಲ್ಲ. ಅಭ್ಯಾಸಬಲ, ನಾಲ್ಕು ಸಲವೂ ಹುಳುಮನೆಗೆ ಹೋಗಿ ನಿಂತು ಬಂದೆ.

ಬೆಳಿಗ್ಗೆ ಎಂಟೂವರೆ ಇರಬಹುದು, ಹಾಗೆ ನಿಂತಿದ್ದಾಗ ಆಫೀಸಿನೊಳಗೆ ಫೋನು ಹೊಡೆಯಿತು. ಬೀಗ ಹಾಕಿದೆಯಲ್ಲ. ಕಿಟಕಿಯ ಹತ್ತಿರ ಹೋಗಿ ನೋಡಿದೆ, ಮೇಜಿನ ಮೇಲೆ ಕಪ್ಪು ಫೋನು ಕಾಣುತ್ತದೆ, ಕೈಗೆ ಎಟುಕುವುದಿಲ್ಲ. ನಿಂತಿತು, ಮತ್ತೆ ಹೊಡೆಯಿತು. ಹೀಗೆ ಮೂರು ಸಲ. ಮ್ಯಾನೇಜರಿಗೆ ಹಬ್ಬದ ಶುಭಾಶಯ ಹೇಳಲು ಅವರ ದೇಶದಿಂದ ಯಾರೋ ಮಾಡಿದ್ದು. ಪಾಪ, ಯಾರೋ ಎಷ್ಟು ಹೊತ್ತು ಕಾದರು ಅನ್ನಿಸಿತು. ನಿಂತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದೆ.

ಮಧ್ಯಾಹ್ನ ಕಾವಲುಗಾರನ ಹೆಂಡತಿ ಊಟಕ್ಕೆ ಕರೆದಳು. ಬಾಳೆಕಾಯಿಯನ್ನು ಬಾಳೆಎಲೆಯಲ್ಲೇ ಕಟ್ಟಿ ಬೇಯಿಸಿ, ಮೇಕೆ ಸಾರಿನ ಜೊತೆ ಕೊಟ್ಟಳು. ಅವರ ಮನೆ ತುಂಬ ಜನ, ಚರ್ಚಿನಿಂದ ಡೋಲು ಬಡಿಯುತ್ತಾ ಬಂದಿದ್ದರು. ಅವರ ಅಜ್ಜಿಯೊಬ್ಬಳು ನನ್ನ ಕೈ ಹಿಡಿದು ಏನೋ ಕೇಳಿದಳು. ನಿನ್ನ ಹೆಂಡತಿ ಎಲ್ಲಿ, ಹಬ್ಬದ ದಿನ ಒಬ್ಬನೇ ಯಾಕಿದ್ದೀಯ, ಯಾರು ಏನು ಅಂದರು ನಿನಗೆ, ಅಂತ ಕೇಳಿದ್ದಂತೆ. ಯಾರೂ ಏನೂ ಅಂದಿಲ್ಲ, ಎಲ್ಲರೂ ಸೇರಿಯೇ ಇರು ಅಂದಿದ್ದಾರೆ ಅಂತ ಹೇಳಿಸಿದೆ. ಅವಳಿಗೆ ಅರ್ಥವಾಗಲಿಲ್ಲ.

ಬರುವ ಮಂಗಳವಾರ ಸಹಿ ಹಾಕುವ ದಿನ. ಹುಳು ಹಣ್ಣಾಗುವುದೂ ಅದೇ ಹೊತ್ತಿಗೆ. ಅವು ಗೂಡು ಕಟ್ಟಿಕೊಳ್ಳುತ್ತವೆ, ನಾನೂ ಇಲ್ಲಿ ಗೂಡು ಕಟ್ಟುತ್ತೇನೆ.

ಮಲ್ಲು


ಕಂಪಾಲ
9-1-1996

ಭಾಗ್ಯಳಿಗೆ,

ನೀನು ಗುಂಡ್ಲುಪೇಟೆಗೆ ಬರೆಯಿರಿ ಅಂದಿದ್ದೆ. ಬೇಕೆಂದೇ ಉಡಿಗಾಲಕ್ಕೆ ಬರೆಯುತ್ತಿದ್ದೇನೆ. ಇದನ್ನು ಜಗಲಿಯ ಮೇಲೆ ಎಲ್ಲರ ಎದುರಿಗೂ ಓದು, ಒಂದು ಸಾಲೂ ಹಾರಿಸಬೇಡ. ಅವ್ವ, ಭಾಗ್ಯ ನಿಮ್ಮಿಂದ ಮರೆಮಾಡಿ ನನಗೊಂದು ಕಾಗದ ಬರೆದಿದ್ದಾಳೆ. ಅದಕ್ಕೆ ಅವಳನ್ನು ಬೈಯಬೇಡ. ಮೊದಲೇ ಹಾಗೆ ಬರೆಯದೆ ಇದ್ದದ್ದೇ ತಪ್ಪಾಯಿತು.

ನೆನ್ನೆ ಮುಗೀಷಾ ಬಂದ. ಅವನ ಜೊತೆ ಪೋಸ್ಟ್ ಆಫೀಸಿಗೆ ಹೋದೆ. ಪೆಟ್ಟಿಗೆ ತೆಗೆದಾಗ ನಾಲ್ಕೈದು ಕ್ರಿಸ್‌ಮಸ್ ಕಾರ್ಡುಗಳ ಕೆಳಗೆ ನಿನ್ನ ಕಾಗದ ಇತ್ತು. ಇಲ್ಲಿಯ ಮುದ್ರೆಯಲ್ಲಿ ಡಿಸೆಂಬರ್ ಹದಿನೆಂಟು ಅಂತಿದೆ. ಮುಗೀಷಾ ಊರಿಗೆ ಹೋಗಿದ್ದು ಹದಿನಾರಕ್ಕೆ. ಎರಡು ದಿನ. ಇಪ್ಪತ್ತಮೂರನೇ ತಾರೀಖು ಸ್ಟಾಂಪು ಕೊಳ್ಳಲು ಹೋದಾಗ ಆ ಪೆಟ್ಟಿಗೆಯ ಮುಂದೆಯೇ ನಿಂತಿದ್ದೆ, ಭಾಗ್ಯ. ಅದರ ಬಾಗಿಲ ಮೇಲೆ ಕೈ ಇಟ್ಟು ನಿಂತಿದ್ದೆ. ಒಳಗೆ "ಬನ್ನಿ" ಅಂತ ಇತ್ತು.

ಎರಡನೇ ತಾರೀಖು ಸಹಿ ಹಾಕಿಬಿಟ್ಟೆ. ಮ್ಯಾನೇಜರು ಕಾರಿನಲ್ಲಿ ಮನೆಗೇ ತಂದಿದ್ದರು, ಹುಳುಮನೆಯ ಬಾಗಿಲಲ್ಲಿ ನಿಂತೇ ಹಾಕಿದೆ. ನೆನ್ನೆ ಸಂಜೆ ಅವರ ಮನೆಗೆ ಹೋಗಿ, ವಾಪಸು ಕೊಡಿ, ನಾನು ಊರಿಗೆ ಹೋಗಬೇಕು ಅಂತ ಕೇಳಿದೆ. ಕರಾರು ಪತ್ರ ಆಗಲೇ ಬೆಂಗಳೂರಿನ ನಮ್ಮ ಇಲಾಖೆಗೆ ಹೋಗಿದೆ, ಚಾಮರಾಜನಗರದ ನನ್ನ ಜಾಗಕ್ಕೆ ಬೇರೆಯವರನ್ನು ಹಾಕಿ ಅಂತ ಬರೆದೂ ಆಗಿದೆಯಂತೆ. ಅವರು ಕೆಟ್ಟವರಲ್ಲ. ನನ್ನ ಮುಖ ನೋಡಿ ನೀರು ತರಿಸಿಕೊಟ್ಟರು. ಎರಡು ವರ್ಷ, ನಡುವೆ ಒಂದು ತಿಂಗಳು ರಜ, ಅದೂ ಬರುವ ಡಿಸೆಂಬರಿಗೆ. ಅಷ್ಟೇ ಅಂದರು.

ನಾನೂ ಸುಳ್ಳು ಬರೆದಿದ್ದೇನೆ. ಕ್ರಿಸ್‌ಮಸ್ ರಜದಲ್ಲಿ ಹುಳು ಸಾಕು ಅಂತ ಯಾರೂ ನನಗೆ ಹೇಳಿರಲಿಲ್ಲ. ಫಾರಂ ಮುಚ್ಚುವಾಗ ಯಾರೂ ಮೊಟ್ಟೆ ತರಿಸುವುದಿಲ್ಲ. ಹೋದ ವರ್ಷದ ಕ್ರಿಸ್‌ಮಸ್ಸಿನಲ್ಲಿ ಮೂರು ವಾರ ಗೋಡೆ ನೋಡಿಕೊಂಡು ಕೂತಿದ್ದೆ, ನಿಮಗೆ ಚೆನ್ನಾಗಿ ಕಳೆಯಿತು ಅಂತ ಬರೆದಿದ್ದೆ. ಈ ಸಲ ಹೆದರಿಕೆಯಾಗಿ, ಕೇಳಿಕೊಂಡು ಮೊಟ್ಟೆ ತರಿಸಿದೆ. ನಿನ್ನ ನವೆಂಬರಿನ ಕಾಗದ ಬರುವವರೆಗೂ ನಾನು ಕಾಯುತ್ತಿದ್ದದ್ದು ಒಂದೇ ಮಾತಿಗೆ. ಯಾರಾದರೂ ಒಬ್ಬರು ಬಾ ಅನ್ನಲಿ ಅಂತ. ಅಪ್ಪ ಅಂದರೂ ಆಗುತ್ತಿತ್ತು, ಅವ್ವ ಅಂದರೂ ಆಗುತ್ತಿತ್ತು. ಇರು ಅಂತ ಮೂವರೂ ಅಂದಾಗ, ನಾನಿಲ್ಲದೆ ಅಲ್ಲಿ ಎಲ್ಲ ನಡೆಯುತ್ತಿದೆ, ನಾನು ಯಾಕೆ ಅಡ್ಡ ಬರಲಿ ಅಂದುಕೊಂಡೆ.

ಎರಡು ಕೋಣೆಯ ಆ ಮನೆಗೆ ನೀನು ಹೋದೆಯಾ? ಸೌದೆ ಒಲೆ ಉರಿಯುತ್ತದೆಯಾ? ನನ್ನ ಮಂಚದ ಜಾಗದಲ್ಲಿ ಬೇರೆ ಏನನ್ನೂ ಇಡಬೇಡ.

ಮಲ್ಲು


ಮದ್ದೂರು
4-2-1996, ಭಾನುವಾರ

ಮಲ್ಲು ಅವರೇ,

ನಾನು ಮದ್ದೂರಿಗೆ ಬಂದು ಇಪ್ಪತ್ತಾರು ದಿನವಾಯಿತು. ನಿಮ್ಮ ಹದಿನೇಳರ ಕಾಗದ ಹೊಸ ವರ್ಷದ ವಾರದಲ್ಲಿ ಉಡಿಗಾಲಕ್ಕೆ ಬಂತು. ಸಹಿ ಹಾಕುತ್ತೇನೆ ಅಂತ ಇದ್ದದ್ದನ್ನು ಎಲ್ಲರ ಎದುರಿಗೆ ನಾನೇ ಓದಿದೆ. ಸಿಟ್ಟಿನಲ್ಲಿ ತಾರೀಖಿನ ಲೆಕ್ಕವನ್ನೂ ಹಾಕದೆ, ನನ್ನ ಕಾಗದ ನಿಮಗೆ ತಲುಪಿಯೂ ಹೀಗೆ ಬರೆದಿರೆಂದು ತಿಳಿದೆ. ಬೀಗದ ಕೈಯ ಮಾತನ್ನು ಓದಿದರೂ ತಲೆಗೆ ಹೋಗಲಿಲ್ಲ. ಹತ್ತನೇ ತಾರೀಖು ಟ್ರಂಕು ಕಟ್ಟಿದೆ. ಬಸ್ಸಿಗೆ ಹೊರಟಾಗ ಅತ್ತೆ ಬಾಗಿಲಿಗೂ ಬರಲಿಲ್ಲ.

ಇವತ್ತು ಬೆಳಿಗ್ಗೆ ಮಾವ ಬಂದರು. ಮೂರು ಬಸ್ಸು ಬದಲಿಸಿ, ಚೆಕ್‌ಪೋಸ್ಟಿನ ಹತ್ತಿರ ಇಳಿದು, ನರ್ಸಮ್ಮನ ಮನೆ ಎಲ್ಲಿ ಅಂತ ಕೇಳಿಕೊಂಡು ನಡೆದು ಬಂದಿದ್ದಾರೆ. ಮೊಣಕಾಲು ಬೇಸಾಗಿಲ್ಲ, ಊದಿಕೊಂಡಿದೆ. ನೀವು ಹೋದಾಗಿನಿಂದಲೂ ಹಾಗೇ ಇದೆ. ಟವಲಿನ ಗಂಟಿನೊಳಗೆ ನಿಮ್ಮ ಎರಡು ಕಾಗದ ಇದ್ದವು, ಎರಡೂ ಒಡೆದಿರಲಿಲ್ಲ. ಒಂದು ಬಂದು ಮೂರು ವಾರವಾಗಿದೆ. ಮಾದಣ್ಣ ಓದುತ್ತೇನೆ ಅಂದನಂತೆ, ಅತ್ತೆ ಈ ಸಲವೂ ಕೊಡಲಿಲ್ಲವಂತೆ. "ಓದೋಳು ಅಲ್ಲವ್ಳೆ, ತಕ್ಕೊಂಡೋಗಿ ಓದುಸ್ಕಂಡ್ ಬಾ ಓಗು ಅಂದ್ಲು ಕಣವ್ವ," ಅಂದರು ಮಾವ. ಕೂತು ನೀರು ಕುಡಿದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಓದವ್ವ ಅಂದರು.

ಮೊದಲು ಇಪ್ಪತ್ತೇಳರದ್ದು ಓದಿದೆ. ಆಫೀಸಿನೊಳಗೆ ಫೋನು ಹೊಡೆದದ್ದು ಬಂದಾಗ ನನಗೆ ಮುಂದೆ ಓದಲಾಗಲಿಲ್ಲ. ಅದು ನಾನು. ಮ್ಯಾನೇಜರಿಗೆ ಯಾರೂ ಮಾಡಿದ್ದಲ್ಲ. ನೀವು ಕಿಟಕಿಯ ಹೊರಗೆ ನಿಂತಿದ್ದಿರಿ, ನಾನು ಬೂತಿನಲ್ಲಿ ನಿಂತಿದ್ದೆ, ಇಬ್ಬರೂ ಒಂದೇ ಸದ್ದು ಕೇಳುತ್ತಿದ್ದೆವು.

ಆಮೇಲೆ ಒಂಬತ್ತರದ್ದು ಓದಿದೆ. ನೀವು ಹೇಳಿದ ಹಾಗೆ ಒಂದು ಸಾಲೂ ಹಾರಿಸಲಿಲ್ಲ. ಮಂಚದ ಮಾತನ್ನೂ ಮಾವನ ಮುಂದೆಯೇ ಓದಿದೆ. ನಿಂತು ಓದಲು ಆಗಲಿಲ್ಲ, ಹೊಸ್ತಿಲ ಮೇಲೆ ಕೂತೆ. ನಡುವೆ ಎರಡು ಸಲ ನನಗೆ ಅಳು ಬಂತು, ಅದನ್ನೂ ಬಚ್ಚಿಡಲಿಲ್ಲ.

ಮುಗಿದ ಮೇಲೆ ಮಾವ ಮಗುವನ್ನು ತೊಡೆಯಿಂದ ಇಳಿಸಿದರು. ಬೈಯುತ್ತಾರೇನೋ ಎಂದು ಕಾದೆ. ಆಮೇಲೆ ಅಂದರು:

"ಈ ಎಲ್ಡು ವರ್ಸದಲ್ಲಿ ನೀನು ಓದ್ವಾಗ ಅತ್ತಿದ್ದು ಇದೇ ಮೊದ್ಲು ಕಣವ್ವ. ರೇಡಿಯೋದೋರು ಓದ್ದಂಗೆ ನಿಂತ್ಕಂಡು ಓದ್ಬುಡ್ತಿದ್ದೆ. ಎಂಡ್ತಿಗೇ ಇಲ್ದ ಸಂಕ್ಟ ನಮ್ಗ್ಯಾಕೆ, ಅವ್ನು ಅಲ್ಲಿರದೇ ಇವ್ಳಿಗೂ ಬೇಕೇನೋ, ನಾವು ಅಡ್ಡ ಬರದು ಬ್ಯಾಡ ಅಂತ ಇರು ಅಂದೋ. ನಿಮ್ಮತ್ತೆ ದಿನಾ ಸೆರುಗ್ನಲ್ಲಿ ಕಣ್ಣೊರುಸ್ಕತಳೆ, ಕಾಗ್ದುಕ್ಕೆ ಏಳ್ವಾಗ ಮಾತ್ರ ಗಟ್ಟಿಯಾಯ್ತಳೆ. ಒಂದ್ಸಲ ಇಂಗೆ ಓದಿದ್ರೆ ನಾನೇ ಬಾ ಅಂತಿದ್ನಲ್ಲವ್ವ."

ಇದನ್ನು ಅವರು ಹೇಳಿದ ಹಾಗೇ ಬರೆದಿದ್ದೇನೆ. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಗೊತ್ತಾಗುತ್ತಿಲ್ಲ. ನಿಮ್ಮ ಮೇಲೆ ಸ್ವಲ್ಪ ಇದೆ. ನನ್ನ ಮೇಲೆ ಜಾಸ್ತಿ ಇದೆ.

ಎರಡು ವರ್ಷ ಇರಲೇಬೇಕಾದರೆ ಇರಿ. ನಾನೂ ಇಲ್ಲಿ ಇರುತ್ತೇನೆ. ಒಲೆ ಉರಿಯುತ್ತದೆ. ಮೊನ್ನೆ ಆನೆಯೊಂದು ಕಂದಕದ ಆಚೆ ನಿಂತು ನಮ್ಮ ಬಾಳೆಗಿಡ ನೋಡಿ ಹೋಯಿತು. ನನಗೆ ಹೆದರಿಕೆಯಾಯಿತು, ಹೆದರಲಿಲ್ಲ ಅಂತ ಬರೆಯುವುದಿಲ್ಲ. ಸಂಜೆಯ ಹೊತ್ತು ಬಹಳ ಕಷ್ಟ. ಬರುವ ಕ್ರಿಸ್‌ಮಸ್ ರಜಕ್ಕೆ ಹುಳು ಗಿಳು ಸಾಕದೆ ಇಲ್ಲಿಗೆ ಬನ್ನಿ, ಇಲ್ಲೂ ಬಿಸಿಲಿದೆ. ಆ ಕೋಣೆಯಲ್ಲಿ ಏನನ್ನೂ ಇಟ್ಟಿಲ್ಲ.

ಈಗ ಮುಖ್ಯವಾದ ಮಾತು. ಮಾರ್ಚ್ ಮೂರು ಭಾನುವಾರ. ಅಷ್ಟರೊಳಗೆ ಈ ಕಾಗದ ನಿಮಗೆ ಸಿಗುತ್ತದೆ. ಅವತ್ತು ನಾವೆಲ್ಲ ಗುಂಡ್ಲುಪೇಟೆಯ ಬೂತಿಗೆ ಬರುತ್ತೇವೆ, ಮಾವನೂ ಬರುತ್ತಾರೆ, ಅತ್ತೆಯನ್ನೂ ಕರೆತರುತ್ತಾರಂತೆ. ನಾನು ಬರೆದುಕೊಡಬೇಕಿಲ್ಲ, ತಾನೇ ಹೇಳುವುದಿದೆ ಅಂತ ಅತ್ತೆ ಹೇಳಿಕಳಿಸಿದ್ದಾರೆ. ಏನಂತ ಮಾವನಿಗೂ ಗೊತ್ತಿಲ್ಲ.

ಇಲ್ಲಿ ಹನ್ನೊಂದು ಗಂಟೆ, ಅಲ್ಲಿ ಎಂಟೂವರೆ. ಮುಗೀಷಾನ ಹತ್ತಿರ ಬೀಗದ ಕೈ ಹಿಂದಿನ ದಿನವೇ ಇಸಿದುಕೊಂಡು, ಆಫೀಸಿನ ಒಳಗೆ ಹೋಗಿ ಕೂತಿರಿ.

ನಿಮ್ಮ,
ಭಾಗ್ಯ